ಹಾಲು ಉಕ್ಕಿಸಿದ್ದು ನಾನೇ

ಈಸ್ಟ್ ಹ್ಯಾಮ್
ಸೆಪ್ಟೆಂಬರ್ 2, 2024

ಸಮೀಕ್ಷಾ,

ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನಾಲ್ಕನೆಯ ಕ್ಲಾಸಿಗೇ ಬಿಟ್ಟವಳು ನಾನು, ಆದರೂ ಅಷ್ಟು ನೆನಪುಂಟು. ಮಂಡಿ ನೋವು ಹಾಗೇ ಉಂಟು, ಸಿಟ್ಟು ಜಾಸ್ತಿಯಾಗಿದೆ, ಉಳಿದಂತೆ ಕ್ಷೇಮ.

ಅತ್ತೆಗೆ ಎಂತ ಆಯಿತು, ಫೋನು ಬಿಟ್ಟು ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನು ಮಾಡಿದರೆ ನಿನ್ನ ಗಂಡ ಎತ್ತುತ್ತಾನೆ. ವಾಟ್ಸಾಪಿನಲ್ಲಿ ಮಾತು ಕಳಿಸಿದರೆ ಅವನ ಕಾರಿನಲ್ಲಿ ದೊಡ್ಡದಾಗಿ ಕೂಗುತ್ತದೆ. ಹೋದ ಸಲ ನಾನು ಅವನನ್ನು ಬೈದದ್ದನ್ನು ಅವನ ಆಫೀಸಿನವರು ಹಿಂದಿನ ಸೀಟಿನಲ್ಲಿ ಕೂತು ಕೇಳಿದರಂತೆ. ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ಲಂಡನ್ನಿನಲ್ಲಿ ಬೆಳೆದದ್ದರಿಂದ ಆದ ಒಂದು ಉಪಕಾರ ಅದು.

ವಿಷಯ ಕರೆಂಟಿನದ್ದು. ಈ ಫ್ಲ್ಯಾಟಿನಲ್ಲಿ ಮೊದಲು ದುಡ್ಡು, ಆಮೇಲೆ ಕರೆಂಟು. ಒಂದು ಪ್ಲಾಸ್ಟಿಕ್ ಕೀ ಉಂಟು. ಅದನ್ನು ಬೀದಿ ಕೊನೆಯ ಅಂಗಡಿಗೆ ಒಯ್ದು ದುಡ್ಡು ತುಂಬಿಸಿ, ತಂದು ಬಾಗಿಲ ಹತ್ತಿರದ ಕಪಾಟಿನಲ್ಲಿರುವ ಮೀಟರಿಗೆ ಚುಚ್ಚಬೇಕು. ಅದಕ್ಕೆ ಅಡ್ಡಿಲ್ಲ. ಆದರೆ ನಾನು ಎಷ್ಟು ಹಾಕಿದರೂ ಅರ್ಧ ಎಲ್ಲಿಗೋ ಹೋಗುತ್ತಿತ್ತು. ದೀಪ ಒಂದೇ ಉರಿಸಿದೆ, ಫ್ಯಾನು ಹಾಕಲಿಲ್ಲ, ಕೆಲಸದ ಹೋಟೆಲಿನಲ್ಲೇ ಉಂಡು ಬಂದೆ. ಆದರೂ ಹೋಗುತ್ತಿತ್ತು. ಕೊನೆಗೆ ಅಂಗಡಿಯ ಜಾಫ್ನಾದವನು ಹೇಳಿದ, ಅಕ್ಕಾ, ಮೀಟರಿನ ನೀಲಿ ಗುಂಡಿ ಒತ್ತುತ್ತಾ ಹೋಗಿ, ಬಾಕಿ ಇದ್ದರೆ ತೋರಿಸುತ್ತದೆ ಎಂದು. ಒತ್ತಿದೆ. ಮುನ್ನೂರು ಚಿಲ್ಲರೆ ಪೌಂಡ್ ಬಾಕಿ ಎಂದು ತೋರಿಸಿತು ಮಾರಾಯ್ತಿ. ನನ್ನದಲ್ಲ, ನನಗಿಂತ ಮುಂಚೆ ಇದ್ದವರದ್ದು. ಅವರು ಕೀಯನ್ನು ಮೀಟರಿನಲ್ಲೇ ಬಿಟ್ಟು ಹೋದರು, ನಾನು ಅದನ್ನೇ ತುಂಬಿಸುತ್ತಾ ಬಂದೆ, ಕಂಪನಿಯವರು ವಾರ ವಾರ ನನ್ನ ದುಡ್ಡಿನಲ್ಲಿ ಅವರ ಬಾಕಿ ಮುರಿದುಕೊಳ್ಳುತ್ತಿದ್ದಾರೆ. ಉಂಡು ಎದ್ದವರು ಯಾರೋ, ಎಲೆ ತೆಗೆಯುವವಳು ನಾನು.

ಕಂಪನಿಗೆ ಫೋನು ಮಾಡಿದೆ. ಬಾಡಿಗೆ ಕರಾರು ಕಳಿಸಿದರೆ ಬಾಕಿ ತೆಗೆಯುತ್ತೇವೆ ಎಂದರು. ಅದರ ಫೋಟೋ ನಿನ್ನ ಫೋನಿನಲ್ಲಿ ಉಂಟಲ್ಲ, ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕಳಿಸು. ಅನೀಶನಿಗೆ ಹೇಳಬೇಡ. ಹೇಳಿದರೆ, ನಾನು ಮೊದಲೇ ಹೇಳಿರಲಿಲ್ಲವಾ ಎಂಬ ಹಾಗೆ ‘ಸೀ, ಅಮ್ಮಾ’ ಎನ್ನುತ್ತಾನೆ. ಆ ಎರಡು ಶಬ್ದ ದಿನಾ ಕೇಳಲಿಕ್ಕೆ ಆಗದೆಯೇ ನಾನು ನಿಮ್ಮ ಪಿನ್ನರ್ ಮನೆ ಬಿಟ್ಟದ್ದು.

ನಿನ್ನ ಅತ್ತೆ,
ಪುಷ್ಪಾವತಿ

*

ಪಿನ್ನರ್
ಸೆಪ್ಟೆಂಬರ್ 13, 2024

ಪೂಜ್ಯ ಅತ್ತೆಯವರಿಗೆ ಸಮೀಕ್ಷಾಳ ನಮಸ್ಕಾರ.

ನಿಮ್ಮ ಕಾಗದ ಬಂದ ದಿನವೇ ಕರಾರು ಕಳಿಸಿದೆ. ಈಗ ಉತ್ತರ ಬಂದಿದೆ. ಸಿಟ್ಟು ಮಾಡಿಕೊಳ್ಳಬೇಡಿ.

ಕರಾರಿನಲ್ಲಿ ಮನೆ ನಿಮಗೆ ಸಿಕ್ಕಿದ್ದು ಜುಲೈ 22ಕ್ಕೆ. ಆದರೆ ಜುಲೈ 3ಕ್ಕೇ ಯಾರೋ ಅದೇ ಕೀಗೆ ಹತ್ತು ಪೌಂಡ್ ಹಾಕಿದ್ದಾರಂತೆ. ಹಳೆಯ ಬಾಡಿಗೆದಾರರು ಜೂನ್‌ನಲ್ಲೇ ಮನೆ ಬಿಟ್ಟಿದ್ದರಂತೆ. ಹಾಗಾದರೆ ಕರಾರಿಗಿಂತ ಮುಂಚೆಯೇ ನಿಮ್ಮವರು ಅಲ್ಲಿದ್ದರು, ಬಾಕಿ ನಿಮ್ಮದಲ್ಲ ಎಂದು ಹೇಗೆ ನಂಬುವುದು ಎಂದು ಕೇಳುತ್ತಿದ್ದಾರೆ. ಆ ಹತ್ತು ಪೌಂಡ್ ಹಾಕಿದ್ದು ಯಾರು ಅತ್ತೆ? ಏಜೆಂಟರೋ, ಹಳೆಯವರೋ ಇರಬೇಕು. ನಮಗೆ ಗೊತ್ತಿಲ್ಲ ಎಂದು ಬರೆದುಬಿಡಲಾ? ಅಷ್ಟಕ್ಕೆ ಮುಗಿಯುತ್ತದೆ.

ಇನ್ನೊಂದು ವಿಷಯ. ಕಂಪನಿಯ ಇಮೇಲನ್ನು ಇವರು ನೋಡಿಬಿಟ್ಟರು. ಸಿಟ್ಟು ಮಾಡಲಿಲ್ಲ. ದೀಪಾವಳಿಯವರೆಗೆ ನೋಡೋಣ, ಅಷ್ಟರಲ್ಲಿ ಸರಿಯಾಗದಿದ್ದರೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ, ಒಂದು ಮೀಟರ್ ಸಂಭಾಳಿಸಲು ಆಗದವರು ಚಳಿಗಾಲ ಹೇಗೆ ಒಬ್ಬರೇ ಕಳೆಯುತ್ತಾರೆ ಎಂದರು. ನಿಮ್ಮ ಕೋಣೆ ಹಾಗೆಯೇ ಇದೆ. ದಿನಾ ಒರೆಸುತ್ತೇನೆ.

ಹೋಟೆಲಿನಲ್ಲಿ ಕೆಲಸ ತುಂಬಾ ಇದೆಯಾ? ಅಲ್ಲಿ ಲೆಕ್ಕ ಬರೆಯುವವರು ಯಾರಾದರೂ ಇದ್ದಾರಾ? ಸುಮ್ಮನೆ ಕೇಳಿದೆ.

ನಿಮ್ಮ ಸೊಸೆ,
ಸಮೀಕ್ಷಾ

*

ಈಸ್ಟ್ ಹ್ಯಾಮ್
ಸೆಪ್ಟೆಂಬರ್ 21, 2024

ಸಮೀಕ್ಷಾ,

ಹಾಕಿದ್ದು ನಾನು.

ನೀನೂ ಉಡುಪಿಯವಳು, ನಿನಗೆ ಬಿಡಿಸಿ ಹೇಳಬೇಕಾ? ಆಸಾಡಿಯಲ್ಲಿ ಯಾರಾದರೂ ಹೊಸ ಮನೆ ಹೊಗುತ್ತಾರಾ? ಏಜೆಂಟನಿಗೆ ತಾರೀಕು ಹಿಂದೆ ಮುಂದೆ ಮಾಡು ಎಂದರೆ, ಇಲ್ಲ ಮೇಡಂ, ಇಪ್ಪತ್ತೆರಡೇ, ಬೇಡ ಎಂದರೆ ಬೇರೆಯವರು ಕಾಯುತ್ತಿದ್ದಾರೆ ಎಂದ. ಅದಕ್ಕೇ ಆಸಾಡಿ ಹಿಡಿಯುವ ಮೊದಲು ಒಂದು ದಿನ ಹೋಟೆಲಿನ ಕೆಲಸ ಮುಗಿಸಿಕೊಂಡು ಅವನ ಹತ್ತಿರ ಹೋದೆ. ಪರದೆಗೆ ಅಳತೆ ತೆಗೆಯಬೇಕು ಎಂದು ಬಾಗಿಲ ಕೀ ಇಸಿದುಕೊಂಡೆ. ಚೀಲದಲ್ಲಿ ಹಾಲು, ಪಾತ್ರೆ, ಬೆಲ್ಲದ ತುಂಡು, ನಿನ್ನ ಮಾವನ ಫೋಟೋ. ಹೋಗಿ ನೋಡಿದರೆ ಒಲೆ ಹತ್ತುವುದಿಲ್ಲ, ದೀಪವಿಲ್ಲ. ಮೀಟರಿನಲ್ಲಿ ಕೀ ಸಿಕ್ಕಿಸಿಯೇ ಇತ್ತು. ಇಲ್ಲಿ ಇಷ್ಟು ವರ್ಷ ಇದ್ದೇನೆ, ಆ ಕೀ ಎಂತದ್ದು ಎಂದು ಗೊತ್ತು. ಅಂಗಡಿಗೆ ಹೋಗಿ ಹತ್ತು ಪೌಂಡ್ ತುಂಬಿಸಿ ತಂದೆ. ಕರೆಂಟ್ ಒಲೆ ಬಿಸಿಯಾಗಲಿಕ್ಕೆ ಒಂದು ಯುಗ ಬೇಕು. ನಿಂತೇ ಇದ್ದೆ. ಹಾಲು ಚಂದ ಉಕ್ಕಿತು, ಪೂರ್ವಕ್ಕೇ ಚೆಲ್ಲಿತು. ಒಂದು ಗುಟುಕು ಕುಡಿದೆ, ಒಲೆ ಒರೆಸಿದೆ, ಬೀಗ ಹಾಕಿ ಪಿನ್ನರ್‌ಗೆ ಬಂದೆ. ಆ ರಾತ್ರಿ ನೀನು ನನಗೆ ಚಪಾತಿ ಬಡಿಸಿದ್ದೆ. ಆಸಾಡಿಯಲ್ಲಿ ಪೆಟ್ಟಿಗೆ ತಂದಿಟ್ಟೆ, ಆದರೆ ಅಷ್ಟರಲ್ಲಿ ಮನೆ ಹೊಕ್ಕಾಗಿತ್ತು.

ಜುಲೈ ಕೊನೆಗೆ ಬಂದು ನೋಡಿದಾಗ ಮೀಟರಿನಲ್ಲಿ ಒಂದು ಬಿಡಿಗಾಸೂ ಇರಲಿಲ್ಲ. ಒಂದು ಲೋಟ ಹಾಲು ಹತ್ತು ಪೌಂಡ್ ತಿನ್ನುತ್ತದಾ? ಆಗಲೇ ಕೇಳಬೇಕಿತ್ತು. ಹೊಸ ಮನೆಯ ಖುಷಿಯಲ್ಲಿ ಬಿಟ್ಟೆ.

ಈಗ ಕೇಳು. ‘ಗೊತ್ತಿಲ್ಲ’ ಎಂದು ಬರೆಯಬೇಡ. ಹಾಲು ಉಕ್ಕಿಸಿದ್ದು ನಾನೇ. ಉಕ್ಕಿಸಲಿಲ್ಲ ಎಂದು ಬರೆದು ಕೊಟ್ಟರೆ ನಾನು ಈ ಮನೆ ಹೊಕ್ಕೇ ಇಲ್ಲ ಎಂದ ಹಾಗೆ. ನನ್ನ ಆಯುಷ್ಯದಲ್ಲಿ ನನಗಾಗಿ ನಾನು ಹೊಕ್ಕ ಮನೆ ಇದೊಂದೇ. ಮೊದಲನೆಯದು ಅಪ್ಪನದ್ದು, ಆಮೇಲೆ ಹೋಟೆಲಿನ ಮೇಲಿನ ಕೋಣೆ, ಆಮೇಲೆ ಮಗನದ್ದು. ಸುಳ್ಳೂ ಹೇಳುವುದಿಲ್ಲ, ದುಡ್ಡೂ ಕೊಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆ.

ಹಳೆಯವರನ್ನು ಬೈಯಬೇಕು ಎಂದು ನನಗೂ ಅನ್ನಿಸಿತ್ತು. ಆದರೆ ಮೀಟರಿನ ಕಪಾಟಿನ ಒಳಬದಿಗೆ ಮಕ್ಕಳು ಅಂಟಿಸುವ ಚಿತ್ರಗಳು ಉಂಟು. ಆನೆ, ಬಸ್ಸು, ಒಂದು ಹಳದಿ ಮೀನು, ಎಲ್ಲ ನನ್ನ ಮೊಣಕಾಲಿನ ಎತ್ತರದಲ್ಲಿ. ಚಿಕ್ಕ ಮಗು ಇಟ್ಟುಕೊಂಡು ಚಳಿಗಾಲದಲ್ಲಿ ಹೀಟರ್ ಹಾಕಿದವರ ಮೇಲೆ ನನ್ನ ಸಿಟ್ಟಿಲ್ಲ. ಅವರ ಬಾಕಿಯನ್ನು ನನ್ನಿಂದ ಕೀಳುವವರ ಮೇಲೆ.

ದೀಪಾವಳಿಗೆ ಕರೆದುಕೊಂಡು ಹೋಗುತ್ತಾನಂತಾ? ನಾನೇನು ಅವನು ಏರ್‌ಪೋರ್ಟಿನಲ್ಲಿ ಮರೆತ ಸೂಟ್‌ಕೇಸಾ? ಇದನ್ನು ಅವನಿಗೆ ಓದಿ ಹೇಳು. ಈರುಳ್ಳಿ ಹೆಚ್ಚುವ ಅಮ್ಮ ಅವನಿಗೆ ನಾಚಿಕೆ. ಆ ಈರುಳ್ಳಿಯಿಂದ ಅವನ ಯೂನಿವರ್ಸಿಟಿ ಆದದ್ದು.

ಹೋಟೆಲಿನ ಲೆಕ್ಕ ಧಣಿಯೇ ಬರೆಯುತ್ತಾರೆ, ತಪ್ಪು ತಪ್ಪು ಬರೆಯುತ್ತಾರೆ. ಯಾಕೆ ಕೇಳಿದೆ?

ಪುಷ್ಪಾವತಿ

*

ಪಿನ್ನರ್
ಅಕ್ಟೋಬರ್ 16, 2024

ಅತ್ತೆಯವರಿಗೆ ನಮಸ್ಕಾರ.

ತಡವಾಯಿತು. ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದೆ.

ನೀವು ಹೇಳಿದ ಹಾಗೆ ಹಣ ಹಾಕಿದ್ದು ನೀವೇ ಎಂದು ಬರೆದೆ. ಆದರೆ ಹಾಲಿನ ವಿಷಯ ಬರೆಯಲಿಲ್ಲ. ಆಷಾಢ, ಗೃಹಪ್ರವೇಶ ಎಂದರೆ ಕಂಪನಿಯವರಿಗೆ ಎಂತ ಅರ್ಥವಾಗುತ್ತದೆ, ನಗುತ್ತಾರೆ ಎಂದು ಅನ್ನಿಸಿತು. ಮನೆ ನೋಡಲು ಹೋದಾಗ ಬೆಳಕಿಗಾಗಿ ಹಾಕಿದ್ದು ಎಂದು ಬರೆದೆ. ಜುಲೈ ಹಗಲಿನಲ್ಲಿ ಮನೆ ನೋಡಲು ಹತ್ತು ಪೌಂಡಿನ ಬೆಳಕು ಯಾರಿಗೆ ಬೇಕು ಎಂದು ಅವರು ಕೇಳಿದ್ದಾರೆ. ಬಾಕಿ ತೆಗೆಯುವುದಿಲ್ಲವಂತೆ.

ಇವರಿಗೆ ನಿಮ್ಮ ಕಾಗದ ಓದಿ ಹೇಳಿದೆ. ಸೂಟ್‌ಕೇಸಿನ ಮಾತು, ಈರುಳ್ಳಿಯ ಮಾತು ಬಿಟ್ಟೆ. ಅವರು ಕೆಲಸದಿಂದ ಸುಸ್ತಾಗಿ ಬಂದಿದ್ದರು.

ಚಳಿ ಶುರುವಾಗಿದೆ. ಹೀಟರ್ ಹಾಕಿ ಅತ್ತೆ. ದುಡ್ಡಿನ ಮುಖ ನೋಡಬೇಡಿ.

ಸಮೀಕ್ಷಾ

*

ಈಸ್ಟ್ ಹ್ಯಾಮ್
ನವೆಂಬರ್ 4, 2024

ಸಮೀಕ್ಷಾ,

ಹಬ್ಬದ ಮರುದಿನ ಕೀ ತುಂಬಿಸಿದೆ. ಹಾಕಿದ್ದಷ್ಟೂ ಮೀಟರಿನಲ್ಲಿ ಕಂಡಿತು. ನೀಲಿ ಗುಂಡಿ ಒತ್ತಿದೆ, ಬಾಕಿ ಸೊನ್ನೆ. ಒಂದು ಕ್ಷಣ ನಾನು ಗೆದ್ದೆ ಎಂದುಕೊಂಡೆ. ಅಂಗಡಿಯವನಿಗೆ ಮೈಸೂರುಪಾಕು ಕೊಟ್ಟು ಬಂದೆ. ಸಂಜೆ ಫೋನಿಗೆ ಕಂಪನಿಯ ಮೆಸೇಜು. ಹೋಟೆಲಿನ ಹುಡುಗಿಯ ಹತ್ತಿರ ಓದಿಸಿದೆ. ಬಾಕಿ ಕಟ್ಟಿದ್ದಕ್ಕೆ ನಿಮಗೆ ಧನ್ಯವಾದವಂತೆ.

ನಾನೆಲ್ಲಿ ಕಟ್ಟಿದೆ?

ಅನೀಶನಿಗೆ ಫೋನು ಮಾಡಿದೆ. ‘ಹ್ಯಾಪಿ ದೀಪಾವಳಿ, ಅಮ್ಮಾ. ಇಟ್ಸ್ ಡನ್’ ಎಂದ. ಹಬ್ಬದ ಉಡುಗೊರೆಯಂತೆ. ನಾನು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು, ಆಮೇಲೆ ಕದ ತಟ್ಟಿ ಹುಷಾರಾಗಿದ್ದೀರಾ ಎಂದು ಕೇಳಿ ಹೋದರು. ಸಾಲ ತೀರಿಸಿದ ಎಂದರೆ ಸಾಲ ಇತ್ತು ಎಂದೇ ಅರ್ಥ. ಕಂಪನಿಯವರು ಎರಡು ತಿಂಗಳು ಗುದ್ದಾಡಿ ನನ್ನನ್ನು ಸಾಲಗಾರಳು ಮಾಡಲಿಕ್ಕೆ ಆಗಲಿಲ್ಲ, ನನ್ನ ಮಗ ಕೂತಲ್ಲೇ ಮಾಡಿದ.

ನಾನೇ ಕಂಪನಿಗೆ ಫೋನು ಮಾಡಿದೆ. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ. ಎತ್ತಿದ ಹುಡುಗಿ, ನಿಮ್ಮ ಬಾಕಿ ಏನೂ ಇಲ್ಲ, ತೊಂದರೆ ಏನು ಎಂದು ಕೇಳಿದಳು. ಬಾಕಿ ಇಲ್ಲದಿರುವುದೇ ತೊಂದರೆ ಎಂದೆ. ಕಟ್ಟಿ ಆಗಿದೆಯಲ್ಲ ಎಂದಳು. ಅದೇ ತೊಂದರೆ, ವಾಪಸು ಕೊಡು ಎಂದೆ. ಪಾಪ, ಆ ಹುಡುಗಿ ಎಷ್ಟೋ ಜನರ ಬೈಗುಳ ಕೇಳಿರಬೇಕು, ಇಂಥದ್ದನ್ನು ಕೇಳಿರಲಿಕ್ಕಿಲ್ಲ. ಕಟ್ಟಿದ ಮೇಲೆ ಒಪ್ಪಿಕೊಂಡ ಹಾಗೆ ಎಂದಳು. ನಾನು ಬಿಡಲಿಲ್ಲ. ದೂರು ಬರೆದುಕೊಂಡಿದ್ದಾಳೆ. ಮೇಲಿನವರು ಫೋನು ಮಾಡುತ್ತಾರಂತೆ, ಕನ್ನಡ ಇಂಗ್ಲಿಷು ಎರಡೂ ಬರುವವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ ಎಂದಳು. ನಿನ್ನ ನಂಬರು ಕೊಟ್ಟಿದ್ದೇನೆ.

ನಿನಗೆ ಗೊತ್ತಿತ್ತಾ?

ಪುಷ್ಪಾವತಿ

*

ಈಸ್ಟ್ ಹ್ಯಾಮ್
ನವೆಂಬರ್ 15, 2024

ಸಮೀಕ್ಷಾ,

ಉತ್ತರ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಹೋದ ಕಾಗದದಲ್ಲಿ ಬರೆಯಬೇಕಿತ್ತು. ಸಿಟ್ಟು ಇತ್ತು, ಅದಕ್ಕೆ ಬರೆಯಲಿಲ್ಲ. ಈಗ ಇಲ್ಲ, ಬರೆದಿದ್ದೇನೆ.

ಅತ್ತೆ

*

ಪಿನ್ನರ್
ನವೆಂಬರ್ 20, 2024

ಅತ್ತೆ,

ಗೊತ್ತಿತ್ತು. ಇವರು ದುಡ್ಡು ಕಟ್ಟುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ನಿಮಗೆ ಬೇಡ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹೇಳಲಿಲ್ಲ. ಈ ಮನೆಯಲ್ಲಿ ಬೇಡ ಎಂದು ಹೇಳಿ ನನಗೆ ಅಭ್ಯಾಸವಿಲ್ಲ.

ಕಂಪನಿಯ ದೂರು ವಿಭಾಗದಿಂದ ಫೋನು ಬಂದಿತ್ತು. ಗುರುವಾರ 28ಕ್ಕೆ ಬೆಳಿಗ್ಗೆ ನಿಮ್ಮ ಜೊತೆ ಮಾತಾಡುತ್ತಾರೆ. ಅದೇ ಕೊನೆಯ ತೀರ್ಮಾನವಂತೆ. ನಾನು ಹಿಂದಿನ ದಿನವೇ ಬರುತ್ತೇನೆ. ಎರಡು ದಿನ ನಿಮ್ಮಲ್ಲಿ ಉಳಿಯಬಹುದಾ?

ಯಾಕೆ ಎಂದು ಕೇಳಬೇಡಿ.

ಸಮೀಕ್ಷಾ

*

ಈಸ್ಟ್ ಹ್ಯಾಮ್
ನವೆಂಬರ್ 23, 2024

ಬಾ. ಹೀಟರ್ ಇರುವ ಕೋಣೆ ನಿನಗೆ. ಕೇಳುವುದಿಲ್ಲ.

ಅತ್ತೆ

*

ಈಸ್ಟ್ ಹ್ಯಾಮ್
ಜನವರಿ 12, 2025

ಅನೀಶ,

ನಿನಗೆ ನಾನು ಬರೆಯುವ ಮೊದಲನೆಯ ಕಾಗದ ಇದು. ಓದಲಿಕ್ಕೆ ನಿನಗೆ ಬರುವುದಿಲ್ಲ, ಸಮೀಕ್ಷಾ ಓದುತ್ತಾಳೆ. ಒಂದು ಶಬ್ದವನ್ನೂ ಬಿಡುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾಳೆ. ಅವಳು ಎಲ್ಲಾದರೂ ತಡವರಿಸಿದರೆ ಅಲ್ಲಿ ನಿನ್ನನ್ನು ಬೈದಿದ್ದೇನೆ ಎಂದು ತಿಳಿ. ಟಿವಿ ಬಂದ್ ಮಾಡಿ ಕೂತುಕೋ.

ನಿನ್ನ ದುಡ್ಡು ನಿನ್ನ ಬ್ಯಾಂಕಿಗೆ ವಾಪಸು ಬಂದಿರಬೇಕು. ಬೇಸಗೆಯಿಂದ ನನ್ನಿಂದ ಮುರಿದುಕೊಂಡದ್ದನ್ನೂ ಹೊಸ ಕೀಗೆ ತುಂಬಿ ಕಳಿಸಿದ್ದಾರೆ. ಅದರ ಜೊತೆ ಬಂದ ಕಾಗದದ ಮೇಲೆ ನನ್ನ ಹೆಸರು ಉಂಟು, ಪೂರ್ತಿ ಹೆಸರು. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ನನ್ನ ಒಬ್ಬಳ ಹೆಸರಿಗೆ ಕರೆಂಟಿನ ಕಾಗದ ಬಂದದ್ದು ಇದೇ ಮೊದಲು. ಹೇಗಾಯಿತು ಎಂದು ನಿನ್ನ ಹೆಂಡತಿ ನಿನಗೆ ಹೇಳಿರಲಿಕ್ಕಿಲ್ಲ. ತನ್ನ ವಿಷಯ ಹೇಳಿಕೊಳ್ಳುವವಳಲ್ಲ. ನಾನು ಹೇಳುತ್ತೇನೆ, ಅವಳ ಬಾಯಿಂದಲೇ ಕೇಳು.

ಆ ದಿನ ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಇಟ್ಟು ಇಬ್ಬರೂ ಕೂತೆವು. ಆ ಕಡೆ ಒಬ್ಬ ಗಂಡಸು, ಒಣ ದನಿ, ಒಂದು ಹೆಚ್ಚು ಮಾತಿಲ್ಲ. ಜುಲೈ ಮೂರರಿಂದ ಈ ಮನೆಯಲ್ಲಿ ಇದ್ದದ್ದು ಹೌದೋ ಅಲ್ಲವೋ ಎಂದು ಕೇಳಿದ. ಸಮೀಕ್ಷಾ ತನ್ನ ಅಭ್ಯಾಸದ ಹಾಗೆ ಮೆತ್ತಗೆ ಶುರು ಮಾಡಿದಳು, ಅತ್ತೆಗೆ ವಯಸ್ಸಾಗಿದೆ, ನಮ್ಮಲ್ಲಿ ಒಂದು ಪದ್ಧತಿ, ದಯವಿಟ್ಟು ಎಂದು. ನನಗೆ ಅಷ್ಟು ಇಂಗ್ಲಿಷು ತಿಳಿಯುತ್ತದೆ. ಅವಳ ಕೈ ಹಿಡಿದೆ.

“ದಯವಿಟ್ಟು ಬೇಡ. ನಾನು ಹೇಳಿದ್ದನ್ನು ಹೇಳಿದ ಹಾಗೆ ಹೇಳು.”

ಅವಳು ನನ್ನನ್ನು ನೋಡಿದಳು. ಆಮೇಲೆ ಫೋನನ್ನು ತನ್ನ ಹತ್ತಿರ ಎಳೆದುಕೊಂಡಳು.

ನಾನು ಎಲ್ಲ ಹೇಳಿದೆ. ಆ ತಿಂಗಳು ನಾವು ಮನೆ ಹೊಗುವುದಿಲ್ಲ, ಅದಕ್ಕೆ ಮೊದಲೇ ಬಂದೆ, ಅಳತೆಗೆ ಎಂದು ಏಜೆಂಟನಿಗೆ ಹೇಳಿದ್ದು ಸುಳ್ಳು, ಹಾಲು ಉಕ್ಕಿಸಿದೆ, ಒರೆಸಿದೆ, ಹೋದೆ. ಅವಳು ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಇಟ್ಟಳು. ಮೊದಲು ಮೆತ್ತಗೆ, ಆಮೇಲೆ ನನ್ನಷ್ಟೇ ಗಟ್ಟಿಯಾಗಿ. ಕೊನೆಗೆ ನಾನು ಅಂದೆ:

“ಹಾಲು ಉಕ್ಕಿಸಿದವಳು ಆ ಮನೆಯಲ್ಲಿ ಅದುವರೆಗೆ ಬೆಂದ ಅನ್ನಕ್ಕೆಲ್ಲ ಜವಾಬ್ದಾರಳಲ್ಲ.”

ಇದನ್ನು ಹೇಳಲಿಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೇಳಿದಳು. ಆಮೇಲೆ ಅವನು ಕೇಳಿದ, ಒಂದು ಸಲ ಹಾಲು ಕಾಯಿಸಿದ್ದು ಬಿಟ್ಟು ಬೇರೆ ಏನನ್ನೂ ಉರಿಸಲಿಲ್ಲವಾ ಎಂದು. ಇಲ್ಲ ಎಂದೆ. ಕಾಯಿರಿ ಎಂದ. ಕೀ ಅಂಗಡಿಗೆ ಹೋದಾಗಲೆಲ್ಲ ಮೀಟರಿನ ಅಂಕಿ ಅವರಿಗೆ ಹೋಗಿ ಸೇರುತ್ತದಂತೆ. ಅವನು ಹುಡುಕಿ ನೋಡಿದ. ನಾನು ಹಾಲು ಕಾಯಿಸಿದ ದಿನಕ್ಕೂ ಸಾಮಾನು ತಂದು ಮತ್ತೆ ಕೀ ತುಂಬಿಸಿದ ದಿನಕ್ಕೂ ನಡುವೆ ದುಡ್ಡು ಪೂರ್ತಿ ಹೋಗಿತ್ತು, ಬಾಕಿಗೆ ಮುರಿದು. ಆದರೆ ಹಾಲು ಕಾಯಿಸಿದಷ್ಟು ಬಿಟ್ಟು ಯೂನಿಟ್ ಓಡಿರಲಿಲ್ಲ. ಮನುಷ್ಯರು ವಾಸವಿದ್ದ ಮನೆ ಹಾಗಿರುವುದಿಲ್ಲ ಎಂದು ಅವನೇ ಹೇಳಿದ.

ಆಮೇಲೆ ಅವನು, ಹಾಲಿನ ವಿಷಯ ಸೆಪ್ಟೆಂಬರಿನಲ್ಲೇ ಯಾಕೆ ಹೇಳಲಿಲ್ಲ, ಅಂದೇ ನೋಡಿ ಮುಗಿಸುತ್ತಿದ್ದೆವಲ್ಲ ಎಂದ. ಸಮೀಕ್ಷಾ ನನ್ನ ಮುಖ ನೋಡಲಿಲ್ಲ. ನೇರ ಅವನಿಗೇ ಹೇಳಿದಳು, ಅವರು ಹೇಳಿದ್ದರು, ನಾನು ಬಿಟ್ಟೆ ಎಂದು. ಹೇಳಿ ನನ್ನ ಕಡೆ ತಿರುಗಿ ಅದನ್ನು ಕನ್ನಡದಲ್ಲೂ ಹೇಳಿದಳು, ನಾನು ಕೇಳುವ ಮೊದಲೇ.

ಕೊನೆಗೆ ಅವನು ತೊಂದರೆಯಾಯಿತು ಎಂದು ಸ್ವಲ್ಪ ದುಡ್ಡು ಹೆಚ್ಚಿಗೆ ಕೊಡುತ್ತೇವೆ ಎಂದ. ಬೇಡ ಎನ್ನುತ್ತೇನೆ ಎಂದು ನಿನ್ನ ಹೆಂಡತಿ ಹೆದರಿದ್ದಳು. ಯಾಕೆ ಬೇಡ? ಇಸಿದುಕೊಂಡೆ. ಆ ದುಡ್ಡಿನಲ್ಲಿ ಇಬ್ಬರೂ ಹೈಸ್ಟ್ರೀಟಿನ ಅಂಗಡಿಗೆ ಹೋಗಿ ಅವಳಿಗೊಂದು ಸೀರೆ ತಂದೆವು. ಸಾಲದೆ ಬಂದದ್ದನ್ನು ಅವಳೇ ಹಾಕಿದಳು. ಬಣ್ಣ ಅವಳೇ ಆರಿಸಿದ್ದು.

ಈಗ ನಿನ್ನ ವಿಷಯ. ನೀನು ಕೆಟ್ಟವನಲ್ಲ. ಅಮ್ಮ ಚಳಿಯಲ್ಲಿ ಕೂತಿದ್ದಾಳೆ ಎಂದು ತಡೆಯಲಾರದೆ ಕಟ್ಟಿದೆ, ಅದು ನನಗೆ ಗೊತ್ತು. ಆದರೆ ನನ್ನನ್ನು ಕೇಳಲಿಲ್ಲ. ಪಕ್ಕದಲ್ಲಿ ಕೂತವಳನ್ನೂ ಕೇಳಲಿಲ್ಲ. ಎರಡು ದಿನಕ್ಕೆ ಎಂದು ಬಂದವಳು ಡಿಸೆಂಬರ್ ಬಂದರೂ ಹೊರಡಲಿಲ್ಲ. ನನ್ನ ಜೊತೆ ಹೋಟೆಲಿಗೆ ಬಂದು ಧಣಿಯ ಲೆಕ್ಕದಲ್ಲಿ ತಪ್ಪು ತೋರಿಸಿ ಕೂತಳು. ಅವರು ಕೆಲಸಕ್ಕೆ ಬಾ ಎಂದಿದ್ದಾರೆ. ಆಮೇಲೆ ತಾನಾಗಿಯೇ ನಿನ್ನಲ್ಲಿಗೆ ಮರಳಿದಳು. ಅಷ್ಟು ದಿನ ಪಿನ್ನರ್‌ಗೆ ಯಾಕೆ ಹೋಗಲಿಲ್ಲ ಎಂದು ನಾನು ಅವಳನ್ನು ಕೇಳಲಿಲ್ಲ, ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನೀನು ಕೊಟ್ಟಿಲ್ಲ. ನೀನು ಕೇಳು. ಈ ಸಾಲು ಓದಲಿಕ್ಕೆ ಅವಳಿಗೆ ಕಷ್ಟವಾಗಬಹುದು. ನಿಧಾನಕ್ಕೆ ಓದಲಿ, ನೀನು ಅವಸರ ಮಾಡಬೇಡ.

ನಿನ್ನಲ್ಲಿರುವ ನನ್ನ ಕೋಣೆಯನ್ನು ಖಾಲಿ ಮಾಡಿ ಬೇರೆ ಏನಾದರೂ ಮಾಡಿಕೊಳ್ಳಿ. ಅವಳು ಅದನ್ನು ದಿನಾ ಒರೆಸುವುದು ಸಾಕು.

ಭಾನುವಾರ ನನಗೆ ಹೋಟೆಲಿಗೆ ರಜೆ. ಇಬ್ಬರೂ ಬನ್ನಿ, ಕೋಳಿ ಸಾರು ಮಾಡುತ್ತೇನೆ. ಉಂಡು ಹೋಗಲಿಕ್ಕೆ ಬನ್ನಿ. ಕರೆದುಕೊಂಡು ಹೋಗಲಿಕ್ಕೆ ಬರುವುದಾದರೆ ಬಾಗಿಲು ತೆಗೆಯುವುದಿಲ್ಲ.

ನಿನ್ನ ಅಮ್ಮ,
ಪುಷ್ಪಾವತಿ